ಮುಧೋಳ ನಾಯಿಯ ಜತೆ ಕರಾವಳಿಗೆ: ಮೊದಲು ಗೇಟು, ಆಮೇಲೆ ಕಡಲು

17 ನವೆಂಬರ್ 2024, ಭಾನುವಾರ
ಹುಬ್ಬಳ್ಳಿ

ಡಿಸೆಂಬರ್ 9ರಿಂದ 12 ಅಂತ ದಿನ ಗೊತ್ತುಮಾಡಿಯಾಯಿತು. ಅಷ್ಟರಲ್ಲಿ ಕಾರ್ತಿಕದ ದೀಪೋತ್ಸವಗಳು ಮುಗಿದಿರುತ್ತವೆ, 7ನೇ ತಾರೀಖಿನ ಚಂಪಾ ಷಷ್ಠಿ ದಾಟಿರುತ್ತದೆ, ಕ್ರಿಸ್‌ಮಸ್ ರಜೆಯ ಜನ ಇನ್ನೂ ಬಂದಿರುವುದಿಲ್ಲ. ಕರಾವಳಿಯ ಉತ್ಸವಗಳಲ್ಲಿ ಹೊಡೆಯುವ ಗರ್ನಾಲು ಪಟಾಕಿಯ ಸದ್ದಿಗೆ ಸಾಧು ನಾಯಿಯೂ ಕಿತ್ತುಕೊಂಡು ಓಡುತ್ತದೆ. ತಪ್ಪಿಸಿಕೊಳ್ಳುವ ಚಾಳಿ ಇರುವ ನಾಯಿಯ ಮಾತು ಕೇಳುವುದೇ ಬೇಡ. ಇಳಿಯುವ ಊರಿನಲ್ಲಿ ಆ ದಿನಗಳಲ್ಲಿ ದೇವಸ್ಥಾನದ ಕಾರ್ಯವೋ ದೊಡ್ಡ ಮದುವೆಯೋ ಇದೆಯೇ ಅಂತ ಹೋಮ್‌ಸ್ಟೇಯವರನ್ನು ಕೇಳಿಯೇ ಮುಂಗಡ ಕೊಡಬೇಕು.

ಊರು ಆರಿಸುವಾಗ ಮೊದಲು ಯೋಚಿಸಬೇಕಾದ್ದು, ಕೈತಪ್ಪಿದರೆ ನಾಯಿ ಎಲ್ಲಿಗೆ ಓಡುತ್ತದೆ ಅನ್ನುವುದು. ಮರವಂತೆ ಎಷ್ಟು ಚೆಂದವೋ ಅಷ್ಟೇ ಅಪಾಯ: ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಾರವಾರದ ಟ್ಯಾಗೋರ್ ಕಡಲತೀರವೂ ಅದೇ ಹೆದ್ದಾರಿಗೆ ಅಂಟಿಕೊಂಡಿದೆ. ಹೊನ್ನಾವರದ ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದೆ. ಅದರ ನಿಯಮದಲ್ಲಿ ಸಾಕುಪ್ರಾಣಿಗಳ ಮೇಲೆ ಬಿಗಿ ಇರುವುದರಿಂದ ಅವೂ ಬೇಡ. ಮಲ್ಪೆ ಬಂದರಿನ ಕಡೆ ಗಾಳ, ಬಲೆಯ ಚೂರುಗಳ ಕಾಟ. ಗೋಕರ್ಣದ ಮುಖ್ಯ ಕಡಲತೀರ ಉತ್ತರಕ್ಕೆ ಗಂಗಾವಳಿ ಅಳಿವೆಯವರೆಗೆ ಉದ್ದಕ್ಕೆ ಹೋಗುತ್ತದೆ, ದೂರ ಹೋದಂತೆ ಜನ ಕಡಿಮೆ. ಹೆದ್ದಾರಿಯೂ ಕೊಂಕಣ ರೈಲು ಹಳಿಯೂ ಊರಿನಿಂದ ಸಾಕಷ್ಟು ಒಳಗಿವೆ. ಹಾಗಾಗಿ ಅದೇ ಸರಿ. ಆದರೆ ಅಲ್ಲೂ ನಾಯಿಯನ್ನು ಬಿಡುವ ಮಾತಿಲ್ಲ. ಕಡಲಾಮೆಗಳು ಈ ದಡದ ಮರಳಿನಲ್ಲಿ ಮೊಟ್ಟೆಯಿಡುವ ಕಾಲ ಇದು, ಬೀದಿನಾಯಿಗಳ ಗುಂಪುಗಳೂ ಇವೆ.

ಇನ್ನು ಹಾರ್ನೆಸ್, ಅಂದರೆ ನಾಯಿಯ ಎದೆ-ಬೆನ್ನಿಗೆ ತೊಡಿಸುವ ಪಟ್ಟಿಗಳ ವಿಷಯ. ಮುಧೋಳದ ತಲೆ ಸಪೂರ, ಮಾಮೂಲಿ ಕೊರಳ ಬೆಲ್ಟು ಕಿವಿ ದಾಟಿ ಜಾರಿಬಿಡುತ್ತದೆ. ಎದೆಯ ಸುತ್ತ ಒಂದೇ ಪಟ್ಟಿ ಇರುವ ಹಾರ್ನೆಸ್ಸೂ ನಂಬುವಂಥದ್ದಲ್ಲ. ನಾಯಿ ನಮಗೆ ಮುಖಮಾಡಿ ನಿಂತು, ತಲೆ ತಗ್ಗಿಸಿ, ಮೊಣಕೈ ಮಡಚಿ ಹಿಂದಕ್ಕೆ ಜಗ್ಗಿದರೆ ಇಡೀ ಹಾರ್ನೆಸ್ ಅಂಗಿ ಕಳಚಿದಂತೆ ತಲೆಯ ಮೇಲಿಂದ ಬರುತ್ತದೆ. ಮೂರನೆಯ ಪಟ್ಟಿ ಇರುವುದನ್ನೇ ಕೊಳ್ಳಬೇಕು. ಅದು ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟ ಸಣ್ಣಗಾಗುವಲ್ಲಿ ಕೂರುತ್ತದೆ, ಅಗಲವಾದ ಎದೆಗೂಡನ್ನು ದಾಟಿ ಮುಂದಕ್ಕೆ ಜಾರಲಾರದು. ಪಟ್ಟಿಯಡಿ ಎರಡು ಬೆರಳು ಹಿಡಿಯುವಷ್ಟು ಸಡಿಲ ಸಾಕು. ಬಾಗಿಲು ಹಾಕಿದ ಕೋಣೆಯಲ್ಲಿ ಎದುರಿನಿಂದ ಮೆಲ್ಲಗೆ ಎಳೆದು ಪರೀಕ್ಷಿಸಬೇಕು. ನೈಲಾನ್ ನೆನೆದರೆ ಸಡಿಲವಾಗುತ್ತದೆ, ಆದ್ದರಿಂದ ನೀರಿನಿಂದ ಹೊರಬಂದ ತಕ್ಷಣ ಮತ್ತೊಮ್ಮೆ ಬಿಗಿ ಮಾಡಬೇಕು. ಜತೆಗೆ ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟು ಹಾಕಿ, ಅದನ್ನೂ ಹಾರ್ನೆಸ್ಸಿನ ಬಳೆಯನ್ನೂ ಚಿಕ್ಕ ಪಟ್ಟಿಯಿಂದ ಜೋಡಿಸಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ.

ಕೊಕ್ಕೆಯನ್ನು ಯಾರೂ ನೋಡುವುದಿಲ್ಲ, ಕಡಲ ಬದಿಯಲ್ಲಿ ಮೊದಲು ಕೆಡುವುದೇ ಅದು. ಮರಳಿನ ಕಾಳೊಂದು ಸ್ಪ್ರಿಂಗಿನೊಳಗೆ ಸಿಕ್ಕಿದರೆ ಕೊಕ್ಕೆಯ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ. ಹಾಕಿದೆವು ಅಂತ ನಾವು ಅಂದುಕೊಳ್ಳುತ್ತೇವೆ, ಅದು ಬಾಯಿ ತೆರೆದೇ ಇರುತ್ತದೆ. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಬೇಕು, ತಿರುಪಿ ಬಿಗಿಯುವ ಕ್ಯಾರಬೈನರ್ ಕೊಂಡಿ ಇನ್ನೂ ಒಳ್ಳೆಯದು. ದಿನಾ ಸಂಜೆ ಸಿಹಿನೀರಿನಲ್ಲಿ ಜಾಲಾಡಿಸಿ ಹತ್ತು ಸಲ ತೆರೆದು ಮುಚ್ಚಿ ನೋಡಬೇಕು. ಹಗ್ಗ 5 ಮೀಟರ್ ಸಾಕು, ಕಟ್ಟುವುದು ಹಾರ್ನೆಸ್ಸಿನ ಬೆನ್ನಿನ ಬಳೆಗೆ. ಉದ್ದ ಹೆಚ್ಚಿದರೆ ಏಡಿಯ ಹಿಂದೆ ಬಿದ್ದ ಮುಧೋಳ ಜೋರು ಹಿಡಿದುಬಿಡುತ್ತದೆ, ಹಗ್ಗ ಬಿಗಿದಾಗ ನಮ್ಮ ಭುಜಕ್ಕೂ ಪೆಟ್ಟು. ಬೆರಳಿಗೆ, ಮಣಿಕಟ್ಟಿಗೆ ಸುತ್ತಿಕೊಳ್ಳುವುದು ಬೇಡ. ಎಳೆದಂತೆ ಉದ್ದವಾಗುವ ಡಬ್ಬಿ ಲೀಶ್ ಅಂತೂ ಬೇಡವೇ ಬೇಡ: ಕೈಯಿಂದ ಬಿದ್ದರೆ ಪ್ಲಾಸ್ಟಿಕ್ ಹಿಡಿ ಗಡಗಡ ಸದ್ದು ಮಾಡುತ್ತಾ ನಾಯಿಯ ಹಿಂದೆಯೇ ಹೋಗುತ್ತದೆ, ಅದಕ್ಕೆ ಹೆದರಿ ನಾಯಿ ಇನ್ನೂ ದೂರ ಓಡುತ್ತದೆ.

ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ ಮೇಲಿಂದ ಹೋಗುವ ದಾರಿ. ಘಟ್ಟದಲ್ಲಿ ಮಂಗಗಳಿವೆ, ಕಿಟಕಿ ನಾಲ್ಕು ಬೆರಳಿಗಿಂತ ಹೆಚ್ಚು ಇಳಿಸಬಾರದು. ನಿಂತಾಗ ಕ್ರಮ ಒಂದೇ: ಎಂಜಿನ್ ಬಂದ್, ಹಗ್ಗ ಕೈಗೆ, ಕೊಕ್ಕೆ ಖಾತ್ರಿ, ಆಮೇಲೆ ಬಾಗಿಲು. ನಾಯಿ ಕೈತಪ್ಪುವುದು ಹೆಚ್ಚಾಗಿ ಮರಳಿನ ಮೇಲಲ್ಲ, ಇಂಥ ಬಾಗಿಲುಗಳಲ್ಲಿ.

ಅದಕ್ಕೇ ಹೋಮ್‌ಸ್ಟೇಯವರಿಂದ ಕೋಣೆಯ ಫೋಟೋಕ್ಕಿಂತ ಕಾಂಪೌಂಡಿನ ವಿಡಿಯೋ ತರಿಸಿಕೊಳ್ಳಬೇಕು. ಆ ಕಡೆಯ ಚಿರೇಕಲ್ಲಿನ ಗೋಡೆಗಳು ಎಷ್ಟೋ ಕಡೆ ಸೊಂಟದೆತ್ತರ, ಹಳೆಯ ಮನೆಗಳಲ್ಲಿ ಗೇಟಿನ ಬದಲು ಅಡ್ಡಗಳುಗಳ ದಣಪೆ. ಮುಧೋಳಕ್ಕೆ ಇವೆರಡೂ ಲೆಕ್ಕಕ್ಕಿಲ್ಲ. ಆರಡಿ ಗೋಡೆ ಸಿಗದಿದ್ದರೆ ಅಂಗಳದಲ್ಲೂ ಹಗ್ಗ ಬಿಡುವಂತಿಲ್ಲ. ಕೋಣೆಗೂ ಅಂಗಳಕ್ಕೂ ನಡುವೆ ಜಗಲಿಯ ಗ್ರಿಲ್ ಇದ್ದರೆ ಬಹಳ ಅನುಕೂಲ: ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬಹುದು. ಸಾಕಿದ ಕೋಳಿ, ಬೆಕ್ಕು ಇದೆಯೇ ಕೇಳಿ. ಬಾಗಿಲಿಗೆ "ಒಳಗೆ ನಾಯಿ ಇದೆ, ಕರೆಯದೆ ತೆರೆಯಬೇಡಿ" ಅಂತ ದೊಡ್ಡದಾಗಿ ಬರೆದು ಅಂಟಿಸಬೇಕು.

ರಕ್ತ ಹೀರುವ ಉಣ್ಣಿ ಹತ್ತದಂತೆ ನಾಯಿಗೆ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಹೊರಡುವ ಮೊದಲೇ ಹಾಕಬೇಕು. ಉತ್ತರ ಕನ್ನಡದ ಕಾಡಂಚಿನಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣಿಗಳ ಕಾಲ ಡಿಸೆಂಬರಿನಿಂದ ಮೇವರೆಗೆ. ರೇಬೀಸ್ ಲಸಿಕೆಯ ಚೀಟಿ ಜತೆಗಿರಲಿ. ಉಪ್ಪುನೀರು ಕುಡಿದರೆ ವಾಂತಿ, ಭೇದಿ ಖಂಡಿತ, ಅದಕ್ಕೆ ದಡಕ್ಕೆ ಹೋಗುವಾಗಲೆಲ್ಲ ಎರಡು ಲೀಟರ್ ಸಿಹಿನೀರು.

ಇಷ್ಟಾಗಿಯೂ ಕೈತಪ್ಪಿದರೆ? 15 ಅಂಕಿಯ ಮೈಕ್ರೋಚಿಪ್ ಓದಲು ಯಂತ್ರ ಬೇಕು, ಮೀನುಗಾರರ ಹತ್ತಿರ ಅದಿಲ್ಲ. ಬೆಲ್ಟಿನ ಮೇಲೆ ಫೋನ್ ನಂಬರ್ ದೊಡ್ಡದಾಗಿ ಹೊಲಿಸಬೇಕು. ಬ್ಲೂಟೂತ್ ಟ್ಯಾಗ್ ಹತ್ತಿರ ಬೇರೆ ಫೋನ್‌ಗಳಿದ್ದರೆ ಮಾತ್ರ ತೋರಿಸುತ್ತದೆ, ನಿರ್ಜನ ದಡದಲ್ಲಿ ಪ್ರಯೋಜನವಿಲ್ಲ. ಸಿಮ್ ಇರುವ ಜಿಪಿಎಸ್ಸೇ ಬೇಕು, ಅದೂ ನೆಟ್‌ವರ್ಕ್ ಇದ್ದಲ್ಲಿ. ಬೆನ್ನಟ್ಟಬಾರದು, ಕೂಗಾಡಬಾರದು. ಕೆಳಗೆ ಕೂತು, ಬೇರೆ ಕಡೆ ಮುಖ ಮಾಡಿ, ತಿಂಡಿಯ ಪೊಟ್ಟಣ ಸದ್ದು ಮಾಡಬೇಕು. ಬಾರದಿದ್ದರೆ ಒಬ್ಬರು ಅದು ಮರೆಯಾದ ಜಾಗದಲ್ಲೇ ಅದರ ಹಾಸಿಗೆಯಿಟ್ಟು ಕಾಯಬೇಕು, ಇನ್ನೊಬ್ಬರು ಆಟೋ ನಿಲ್ದಾಣ, ಮೀನು ಮಾರುವ ಹೆಂಗಸರು, ದೋಣಿಯವರಿಗೆ ತಿಳಿಸಬೇಕು. ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಗಾಗಿ ನಾಯಿ ಊರೊಳಗೆ ಓಡಿದ್ದರೆ ಹಗಲು ದಡದಲ್ಲಿ ಕೂತವರ ವಾಸನೆ ಅದಕ್ಕೆ ಸಿಗುತ್ತದೆ, ಕತ್ತಲಾದ ಮೇಲೆ ಕಾಯುವವರು ಊರಿನ ಆಚೆ ಬದಿಗೆ ಹೋಗಬೇಕು. ಫೋಟೋ, ನಂಬರ್ ಇರುವ ಕನ್ನಡದ ಚೀಟಿ 20 ಪ್ರತಿ ಇಲ್ಲಿಂದಲೇ ಮುದ್ರಿಸಿ ಒಯ್ಯಬೇಕು, ಆ ಗಾಬರಿಯಲ್ಲಿ ಜೆರಾಕ್ಸ್ ಅಂಗಡಿ ಹುಡುಕಲು ಹೊತ್ತಿರುವುದಿಲ್ಲ.