ಗೊರಕೆ ನಿಂತಾಗ

17 ಜನವರಿ 2025, ಶುಕ್ರವಾರ
ಮೈಸೂರು

ಇವತ್ತು ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 97 ಬಂತು. ಬಸುರಿಗೆ 95ರ ಒಳಗೆ ಇರಬೇಕು. ಆದರೂ ಹೋದ ತಿಂಗಳಿಡೀ 104, 106, 103 ನೋಡಿ ಸಾಕಾಗಿದ್ದ ನನಗೆ ಇದೇ ದೊಡ್ಡದು ಅನ್ನಿಸಿತು. ಮೂರು ದಿನದ ಹಿಂದೆ ಸಂಕ್ರಾಂತಿ. ಮನೆ ತುಂಬ ಸಕ್ಕರೆ ಅಚ್ಚು. ನಾನು ಬೆಲ್ಲದ ಚೂರನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿ, ಎಳ್ಳು ಕಡಲೆಬೀಜ ಮಾತ್ರ ಆರಿಸಿ ತಿಂದೆ.

ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದಿದ್ದರು. 140 ಮುಟ್ಟಿದರೆ ಬಸುರಿಯ ಶುಗರ್ ಅಂತ ಲೆಕ್ಕ. ನನ್ನದು 162. ಅವತ್ತಿನಿಂದ ರಾಗಿ ಮುದ್ದೆ, ಸೊಪ್ಪಿನ ಸಾರು, ಅಳೆದು ಬಡಿಸಿದ ಅನ್ನ, ಊಟ ಆದಮೇಲೆ ಟೆರೇಸಿನ ಮೇಲೆ ವಾಕಿಂಗ್. ಊಟದ ಎರಡು ಗಂಟೆ ಆದಮೇಲಿನ ನಂಬರು 120ರ ಒಳಗೇ ಬರುತ್ತಿತ್ತು. ಬೆಳಗಿನದು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ರಾತ್ರಿ ಎದ್ದು ಏನಾದ್ರೂ ತಿಂತೀಯೇನಮ್ಮ?" ಅಂತ ಅತ್ತೆ ಮೆತ್ತಗೆ ಕೇಳಿದರು. ಫ್ರಿಜ್‌ನಲ್ಲಿದ್ದ ಮೈಸೂರು ಪಾಕನ್ನು ಎಣಿಸಿಟ್ಟಿದ್ದರಂತೆ. ಆಮೇಲೆ ಗೊತ್ತಾಯಿತು. ಅಳು ಬಂತು, ನಗುವೂ ಬಂತು.

ರಾತ್ರಿ ನಾನು ಏಳುತ್ತಿದ್ದದ್ದು ನಿಜ. ಬಾತ್‌ರೂಮಿಗೆ ಅಂದುಕೊಂಡಿದ್ದೆ. ಬೆಳಿಗ್ಗೆ ಬಾಯಿ ಒಣಗಿರುತ್ತಿತ್ತು, ತಲೆ ಭಾರ. ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದೆ. ಚೆಕಪ್‌ಗೆ ಹೋದಾಗ ಗೊರಕೆ ಜಾಸ್ತಿ ಆಗಿದೆ ಅಂದೆ. "ಬಸುರಿ ಅಲ್ವಾ, ಎಲ್ಲರಿಗೂ ಇರುತ್ತೆ" ಅಂದರು ಅಲ್ಲಿನ ಡಾಕ್ಟ್ರು, ಫೈಲಿನಿಂದ ತಲೆ ಎತ್ತದೆ. ಸುಸ್ತೂ ಹಾಗೇ ಲೆಕ್ಕಕ್ಕೆ ಬರಲಿಲ್ಲ. ಬಸುರಿಗೆ ಸುಸ್ತು ಅಂದರೆ ಯಾರು ತಾನೇ ಬೆಚ್ಚಿಬೀಳುತ್ತಾರೆ?

ಒಂದು ರಾತ್ರಿ ಇವರು ನನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು, ರೇಗಿಸುವುದಕ್ಕೆ ಅಂತ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿಸಿಕೊಂಡೆವು. ಗೊರ್ರ್, ಗೊರ್ರ್. ಇಬ್ಬರೂ ನಕ್ಕೆವು. ಆಮೇಲೆ ಏನೂ ಇಲ್ಲ. ಫ್ಯಾನು ತಿರುಗುವ ಸದ್ದು. ದೂರದಲ್ಲಿ ಒಂದು ನಾಯಿ ಬೊಗಳಿತು. ಮತ್ತೆ ಫ್ಯಾನು. ಇವರು ಪರದೆ ನೋಡಿ "ಹದಿನೆಂಟು ಸೆಕೆಂಡು" ಅಂದರು. ಅಷ್ಟರಲ್ಲಿ ನೀರಿನಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದು ಏದುಸಿರು. ಅದು ನನ್ನದೇ ಅಂತ ನಂಬುವುದಕ್ಕೆ ಆಗಲಿಲ್ಲ. ಕಾಫಿ ಹಾಗೇ ಆರಿತು.

ಆ ರೆಕಾರ್ಡಿಂಗ್ ಹಿಡಿದುಕೊಂಡು ಶುಗರ್ ಡಾಕ್ಟ್ರ ಹತ್ತಿರ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡರು. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ, ಸ್ಲೀಪ್ ಆಪ್ನಿಯಾ ಇರಬಹುದು ಅಂದರು. ಬಸುರಿಯಲ್ಲಿ ಮೂಗಿನ ಒಳಗೆ ಊತ, ತೂಕ ಬೇರೆ ಏರಿರುತ್ತದೆ, ಹೊಟ್ಟೆ ಮೇಲಕ್ಕೆ ಒತ್ತುತ್ತದೆ. ಉಸಿರು ನಿಂತಾಗಲೆಲ್ಲ ಆಕ್ಸಿಜನ್ ಇಳಿಯುತ್ತದೆ. ಮೈ ಗಾಬರಿಬಿದ್ದು ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳನ್ನು ಬಿಡುತ್ತದೆ. ಅವು ಲಿವರಿನಿಂದ ಸಕ್ಕರೆ ಹೊರಗೆ ತರುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಅಂದರೆ ಏನೂ ತಿನ್ನದೆ ಮಲಗಿದ್ದರೂ ಸಕ್ಕರೆ ಏರಬಹುದು! ನನಗೆ ತಕ್ಷಣ ನೆನಪಾದದ್ದು ಆ ಎಣಿಸಿಟ್ಟ ಮೈಸೂರು ಪಾಕು. ಬಿಪಿ ಏರುವ ಅಪಾಯವೂ ಇದೆ, ಮನೆಯಲ್ಲಿ ನೋಡುತ್ತಿರಿ ಅಂದರು.

ಪರೀಕ್ಷೆ ಮನೆಯಲ್ಲೇ ಆಯಿತು. ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ಪೈಪು, ಎದೆಗೆ ಬೆಲ್ಟು ಕಟ್ಟಿಕೊಂಡು ಮಲಗಿದೆ. ಹತ್ತು ಸೆಕೆಂಡಾದರೂ ಉಸಿರು ನಿಂತರೆ, ಇಲ್ಲವೇ ತೀರಾ ಕಡಿಮೆಯಾಗಿ ಆಕ್ಸಿಜನ್ ಇಳಿದರೆ, ಒಂದು ಸಲ ಅಂತ ಎಣಿಸುತ್ತಾರಂತೆ. ಗಂಟೆಗೆ 5 ದಾಟಿದರೆ ತೊಂದರೆ ಇದೆ ಅಂತ. ನನ್ನದು 17. ಮಧ್ಯಮ ಮಟ್ಟದ್ದು.

ಹೋದ ಭಾನುವಾರದಿಂದ ಸಿಪ್ಯಾಪ್ ಮಿಷನ್. ಮೂಗಿನ ಮಾಸ್ಕಿನಿಂದ ಗಾಳಿ ಒತ್ತಿ, ಗಂಟಲು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಮೊದಲ ರಾತ್ರಿ ಎರಡು ಗಂಟೆಗೆ ಕಿತ್ತು ಬಿಸಾಡಿದೆ. ಎರಡನೇ ರಾತ್ರಿ ಅತ್ತೆಯೇ ಕೂತು ಪಟ್ಟಿ ಸರಿಮಾಡಿದರು. ನಾದಿನಿ ಮಗಳು ನನ್ನನ್ನು ನೋಡಿ "ಅತ್ತೆಗೆ ಸೊಂಡಿಲು ಬಂದಿದೆ" ಅಂತ ಕೇಕೆ ಹಾಕಿದಳು. ಮೊನ್ನೆ ಆರು ಗಂಟೆ ಒಂದೇ ನಿದ್ದೆ! ಬೆಳಿಗ್ಗೆ ತಲೆ ಹಗುರ. ಅದು ಎಷ್ಟು ದಿನದ ಮೇಲೋ.

97ಕ್ಕೆ ಇದೇ ಕಾರಣ ಅಂತ ಹೇಳುವ ಹಾಗಿಲ್ಲ. ರಾತ್ರಿ ಮಲಗುವಾಗ 4 ಯೂನಿಟ್ ಇನ್ಸುಲಿನ್ ಕೂಡ ಶುರುವಾಗಿದೆ. ಡಾಕ್ಟ್ರೂ ಅದನ್ನೇ ಹೇಳಿದರು, ಮಿಷನ್ ಬಂತು ಅಂತ ಇನ್ಸುಲಿನ್ ಬಿಡಬೇಡಿ, ಎಡಕ್ಕೆ ತಿರುಗಿ ಮಲಗುವುದನ್ನೂ ಬಿಡಬೇಡಿ ಅಂತ.

ಸಂಜೆ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಅರ್ಧ ಮುಂದೆ ಮಾಡಿದರು. ಮಾವನಿಗೆ ಶುಗರ್ ಬಂದು ಹನ್ನೆರಡು ವರ್ಷ. ಹಾಲ್‌ನಲ್ಲಿ ಟಿವಿ ಮುಂದೆ ಅವರ ಗೊರಕೆ ಆಗಲೇ ಶುರುವಾಗಿತ್ತು.

"ನಿಮ್ಮ ಮಾವನವರದ್ದೂ ಒಂದು ಸಲ ಫೋನಲ್ಲಿ ಹಿಡಿ ನೋಡೋಣ" ಅಂದರು.