ಯೂಟಾದ ಕತ್ತಲಲ್ಲಿ ನಾಲ್ಕು ಫ್ಯೂಸು

ಡೆನ್ವರ್‌ನಿಂದ ಹೊರಟು ಯೂಟಾದ ಮೋಆಬ್ ಊರಿನಲ್ಲಿ ಎರಡು ದಿನ ಇದ್ದೆವು. ಅಲ್ಲಿನ ಕಲ್ಲುಕಮಾನುಗಳ ಆರ್ಚಸ್ ಪಾರ್ಕ್ ಚೆನ್ನಾಗಿದೆ, ಜನ ಜಾಸ್ತಿ. ಅಪ್ಪ ಮಾತ್ರ "ಕಲ್ಲು ತೂತಾಗಿದೆ, ಅಷ್ಟೇ ಅಲ್ವಾ" ಅಂದು ಗಾಡಿಗೆ ವಾಪಸ್ ಬಂದು ಕೂತಿದ್ದರು.

ಮೂರನೇ ರಾತ್ರಿ ನ್ಯಾಚುರಲ್ ಬ್ರಿಡ್ಜಸ್‌ನಲ್ಲಿ. 2007ರಲ್ಲಿ ಜಗತ್ತಿನ ಮೊದಲ ಇಂಟರ್‌ನ್ಯಾಷನಲ್ ಡಾರ್ಕ್ ಸ್ಕೈ ಪಾರ್ಕ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಪಾರ್ಕ್, ಆದ ಜಾಗ ಇದು. ಕ್ಯಾಂಪ್‌ಗ್ರೌಂಡ್‌ನಲ್ಲಿ ಇರುವುದೇ 13 ತಾಣ, ಗಾಡಿ 26 ಅಡಿ ಮೀರುವಂತಿಲ್ಲ. ನಮ್ಮ ಬಾಡಿಗೆ ಆರ್‌ವಿ (ಅಡುಗೆ, ಬಚ್ಚಲು ಎಲ್ಲ ಒಳಗೇ ಇರುವ ಮನೆಗಾಡಿ) 25 ಅಡಿ, ಹೇಗೋ ಹಿಡಿಸಿತು. ಕರೆಂಟ್ ಕನೆಕ್ಷನ್ ಇಲ್ಲ. ಗಾಡಿಯ 12 ವೋಲ್ಟ್ ಬ್ಯಾಟರಿಯೇ ಗತಿ.

ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿತ್ತು, ದೀಪಗಳೆಲ್ಲ ಒಟ್ಟಿಗೇ ಹೋದವು. 15 ಆಂಪಿಯರ್‌ನ ನೀಲಿ ಫ್ಯೂಸು ಸುಟ್ಟಿತ್ತು. ಹೊಸದು ಹಾಕಿದೆ, ಟಪ್. ಇನ್ನೊಂದು, ಟಪ್. ಡಬ್ಬಿಯಲ್ಲಿ ಉಳಿದಿದ್ದು ಎರಡೇ. ಬಾಡಿಗೆಯವರು ಕೊಟ್ಟ ಚೀಟಿಯಲ್ಲಿ ಸಹಾಯಕ್ಕೆ ಫೋನ್ ನಂಬರ್ ದಪ್ಪಕ್ಷರದಲ್ಲಿತ್ತು, ಮೊಬೈಲ್‌ನಲ್ಲಿ ಸಿಗ್ನಲ್ ಇರಲಿಲ್ಲ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದಾಗ ಅಪ್ಪ ತಡೆದರು.

"ಫ್ಯೂಸ್ ಮೇಲೆ ಫ್ಯೂಸ್ ಸುಡ್ತಾ ಕೂತ್ರೆ ಶಾರ್ಟ್ ಸಿಗತ್ತೇನೋ? ಸೀರೀಸಲ್ಲಿ ಒಂದು ಬಲ್ಬ್ ಹಾಕು."

ಅಪ್ಪ ಸಾಗರದಲ್ಲಿ ಕೆಇಬಿ ಲೈನ್‌ಮನ್ ಆಗಿದ್ದವರು. ಬಲ್ಬ್ ಎಲ್ಲಿಂದ ತರಲಿ? ಗಾಡಿಯಲ್ಲಿದ್ದದ್ದೆಲ್ಲ ಎಲ್‌ಇಡಿ, ಇದಕ್ಕೆ ಉರಿಯುವ ತಂತಿಯ ಹಳೇ ಬಲ್ಬೇ ಆಗಬೇಕು. ಪಕ್ಕದ ಟ್ರೇಲರ್‌ನಲ್ಲಿ ಐಡಾಹೋದ ಒಬ್ಬ ಅಜ್ಜ ಇದ್ದ. ಕೇಳಿದೆ. ತಲೆಗೆ ಕೆಂಪು ಬೆಳಕಿನ ಟಾರ್ಚ್ ಕಟ್ಟಿಕೊಂಡು, ಕಾಫಿ ಡಬ್ಬಿ ತುಂಬ ಗಾಡಿಯ ಹಿಂದೀಪದ ಬಲ್ಬುಗಳನ್ನು ತಂದ. ಅಪ್ಪನಿಗೆ ಇಂಗ್ಲಿಷ್ ಬರದು, ಆತನಿಗೆ ಕನ್ನಡ ಬರದು. ಅಪ್ಪ ಬಲ್ಬಿಗೆ ಎರಡು ತಂತಿ ಸುತ್ತಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದ ಕೂಡಲೇ ಅಜ್ಜ ಅವರ ಬೆನ್ನು ತಟ್ಟಿದ.

ಬಲ್ಬ್ ಝಗ್ಗನೆ ಉರಿಯಿತು. ಅಂದರೆ ಶಾರ್ಟ್ ಇದೆ, ಎಲ್ಲೋ ಎರಡು ತಂತಿ ಕೂಡಿಕೊಂಡಿವೆ. ಇನ್ನು ಫ್ಯೂಸ್ ಸುಡುವ ಭಯವಿಲ್ಲ, ಕರೆಂಟ್ ಎಷ್ಟು ಹರಿಯಬೇಕೆಂದು ಬಲ್ಬೇ ಹಿಡಿದಿಡುತ್ತದೆ. ಶಾರ್ಟ್ ಬಿಟ್ಟ ಕ್ಷಣ ಅದೂ ಆರುತ್ತದೆ. ಸ್ವಿಚ್ಚೆಲ್ಲ ಆಫ್ ಮಾಡಿದೆವು, ಉರಿಯುತ್ತಲೇ ಇತ್ತು. ಒಂದೊಂದೇ ದೀಪ ಕಳಚಿದೆವು, ಆಗಲೂ ಹಾಗೇ. ತಪ್ಪು ದೀಪದ್ದಲ್ಲ, ಗೋಡೆಯೊಳಗಿನ ತಂತಿಯದ್ದು. ಅಜ್ಜ ಕಪಾಟು ಎಳೆದ, ಗೋಡೆ ಗುದ್ದಿದ. ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಇಬ್ಬರೂ ಮಾತಾಡುತ್ತಲೇ ಇದ್ದರು, ಅವರವರ ಭಾಷೆಯಲ್ಲಿ. ನಾನು ಮೊದಮೊದಲು ಅನುವಾದ ಮಾಡಿದೆ, ಆಮೇಲೆ ಇಬ್ಬರಿಗೂ ಅದು ಬೇಕಾಗಿಲ್ಲ ಅಂತ ಗೊತ್ತಾಗಿ ಸುಮ್ನಾದೆ.

ಕೊನೆಗೆ ಬಚ್ಚಲಿನ ಒಳಗೆ ನೋಡಬೇಕೆಂದು ಅಪ್ಪ ಬಾಗಿಲಿಗೆ ಅಡ್ಡವಾಗಿದ್ದ ತಮ್ಮದೇ ಒದ್ದೆ ಪಂಚೆಯನ್ನು ಕೊಕ್ಕೆಯಿಂದ ತೆಗೆದರು. ಬಲ್ಬ್ ಆರಿತು. ಕೊಕ್ಕೆಯನ್ನು ಕೆಳಗೆ ಒತ್ತಿದರು, ಹತ್ತಿತು.

ಹಿಂದೆ ಯಾರೋ ಹೊಡೆದ ಕೊಕ್ಕೆ ಅದು. ಅದರ ಉದ್ದ ಸ್ಕ್ರೂ ಗೋಡೆ ದಾಟಿ ಎರಡೂ ತಂತಿಗಳ ನಡುವೆ ಕೂತಿತ್ತು. ಪಂಚೆಯ ಭಾರಕ್ಕೆ ಬಾಗಿದಾಗ ಎರಡಕ್ಕೂ ತಾಗುತ್ತಿತ್ತು. ಬಿಚ್ಚಿದಾಗ ತುದಿ ಕಪ್ಪಾಗಿತ್ತು. ಬ್ಯಾಟರಿ ಕಳಚಿ, ಗಾಯವಾದಲ್ಲಿ ಟೇಪ್ ಸುತ್ತಿ, ನಾಲ್ಕನೇ ಫ್ಯೂಸ್ ಹಾಕಿದೆವು. ನಿಂತಿತು.

ಬಾಡಿಗೆಗೆ ಆರ್‌ವಿ ತಗೊಳ್ಳುವವರು ಕೊಕ್ಕೆಗಳನ್ನು ನೋಡಿ. ಕಂಪನಿಯದ್ದಲ್ಲ ಅನಿಸಿದರೆ ಏನೂ ನೇತುಹಾಕಬೇಡಿ. ಫ್ಯೂಸ್ ಸುಟ್ಟರೆ ದೊಡ್ಡ ಆಂಪಿಯರ್‌ನದ್ದು ಮಾತ್ರ ಹಾಕಬೇಡಿ, ಆಗ ಸುಡುವುದು ತಂತಿ. ಹಿಂದೀಪದ ಒಂದು ಹಳೇ ಬಲ್ಬ್ ಜೊತೆಗಿರಲಿ. ಗಾಡಿ ವಾಪಸ್ ಕೊಡುವಾಗ ಕೊಕ್ಕೆ ಕಿತ್ತಿದ್ದಕ್ಕೆ ನನ್ನಿಂದಲೇ 40 ಡಾಲರ್ ಹಿಡಿದರು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ಪಂಚೆಯನ್ನು ಗಾಡಿಯ ಹಿಂದಿನ ಏಣಿಗೆ ಕಟ್ಟಿದೆವು. ಅಜ್ಜ ಕೈಬೀಸಿ ಹೊರಡುವಷ್ಟರಲ್ಲಿ ಗರಿಗರಿ ಒಣಗಿತ್ತು. ಅಪ್ಪ ಮುಟ್ಟಿ ನೋಡಿದರು. "ಆಷಾಢದಲ್ಲಿ ನಮ್ಮೂರಲ್ಲಿ ಇದಕ್ಕೆ ಮೂರು ದಿನ ಬೇಕು ಮಾರಾಯ," ಅಂದರು. ಅಮೆರಿಕಕ್ಕೆ ಬಂದು ಐದು ವಾರಕ್ಕೆ ಅವರು ಮೆಚ್ಚಿದ ಮೊದಲ ಸಂಗತಿ ಅದು.