ಉಂಗುರ ಯಾರಿಗೆ?

18 ಜನವರಿ 2026, ಭಾನುವಾರ
ಮೈಸೂರು

ಮಧ್ಯಾಹ್ನ ಅಣ್ಣನ ಮನೆಯಲ್ಲಿ ಊಟ. ಹಬ್ಬದ ಎಳ್ಳು-ಬೆಲ್ಲ ಇನ್ನೂ ಡಬ್ಬಿಯಲ್ಲಿ ಉಳಿದಿತ್ತು. ಅದನ್ನು ತಿನ್ನುತ್ತಾ ಕೂತಿದ್ದಾಗ ಅತ್ತಿಗೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. "ಇದೇನು ನೋಡಪ್ಪ. ಮಿಕ್ಸಿ ತಗೋಬೇಕು ಅಂತ ನಾನೂ ನಿಮ್ಮಣ್ಣನೂ ಬಾಯಲ್ಲಿ ಮಾತಾಡಿದ್ದಷ್ಟೇ. ಈಗ ಎಲ್ಲಿ ನೋಡಿದ್ರೂ ಮಿಕ್ಸಿ. ಈ ಫೋನು ಕದ್ದು ಕೇಳಿಸಿಕೊಳ್ಳುತ್ತೆ!"

ಅಣ್ಣನ ಮುಖ ನೋಡಿದೆ. "ರಾತ್ರಿ ಒಂದೆರಡು ಸೈಟಲ್ಲಿ ರೇಟು ನೋಡಿದ್ದೆ ಕಣೋ" ಅಂದ.

ಬಹುಶಃ ಕತೆ ಅಷ್ಟೇ. ಮನೆಗೆಲ್ಲ ಒಂದೇ ವೈಫೈ. ಹೊರಗಿನಿಂದ ನೋಡುವವರಿಗೆ ಆ ಮನೆಯ ಫೋನುಗಳೆಲ್ಲ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ಮನೆ ನಂಬರು ಇದ್ದ ಹಾಗೆ) ಬರುತ್ತವೆ. ಇವರೆಲ್ಲ ಒಂದೇ ಮನೆಯವರು ಅಂತ ಜಾಹೀರಾತು ಕಂಪನಿಗಳು ಲೆಕ್ಕ ಹಾಕುತ್ತವೆ. ಅಣ್ಣ ನೋಡಿದ್ದು ಅತ್ತಿಗೆಯ ಫೋನಿಗೆ ಬರಲು ಇಷ್ಟು ಸಾಕು. ಇದನ್ನೆಲ್ಲ ಬಿಡಿಸಿ ಹೇಳಿದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, "ಕದ್ದು ಕೇಳೋದಕ್ಕಿಂತ ಇದು ವಾಸಿನಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅತ್ತಿಗೆ ವರ್ಷಗಳಿಂದ ಫೋನು ಬಳಸುತ್ತಾರೆ. ಅಡುಗೆ, ಜ್ವರದ ಮಾತ್ರೆ, ಮಗಳ ಕಾಲೇಜು, ಚಿನ್ನದ ರೇಟು, ಏನು ಹುಡುಕಿದರೂ ಎಲ್ಲೋ ದಾಖಲಾಗಿದೆ. ಆಗೆಲ್ಲ ಸಿಟ್ಟು ಬಂದಿಲ್ಲ. ಮಿಕ್ಸಿ ಬಂದು ಕಣ್ಣೆದುರು ನಿಂತಾಗ ಬಂತು. ನನಗನ್ನಿಸುವುದು, ಪ್ರಪಂಚದ ಎಲ್ಲ ಕಡೆಯೂ ಹೀಗೇ. ಹಿಂದೆ ಬಿದ್ದವನು ಎದುರಿಗೆ ಕಾಣಿಸಿಕೊಂಡಾಗಲೇ ಜನ ಕೂಗುವುದು.

ಇದಕ್ಕೆ ನನಗೆ ತಕ್ಷಣ ನೆನಪಾಗುವುದು ಫೇಸ್‌ಬುಕ್‌ನ ಬೀಕನ್. 2007ರ ನವೆಂಬರ್‌ನಲ್ಲಿ ಶುರುವಾಯಿತು. ಬೇರೆ ನಲವತ್ತಕ್ಕೂ ಹೆಚ್ಚು ಸೈಟುಗಳ ಜೊತೆ ಒಪ್ಪಂದ. ನೀವು ಅಲ್ಲಿ ಏನಾದರೂ ಕೊಂಡರೆ, ಸಿನಿಮಾ ಟಿಕೆಟ್ ತೆಗೆದರೆ, ಅದು ನಿಮ್ಮ ಹೆಸರಲ್ಲಿ ಫೇಸ್‌ಬುಕ್ ಗೆಳೆಯರಿಗೆಲ್ಲ ಸುದ್ದಿಯಾಗಿ ಹೋಗುತ್ತಿತ್ತು. ಬೇಡ ಅನ್ನಲು ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ಬಂದು, ಗಮನಿಸುವಷ್ಟರಲ್ಲಿ ಮಾಯ. ಸುಮ್ಮನಿದ್ದರೆ ಒಪ್ಪಿದ ಹಾಗೆ.

ಅಮೆರಿಕದ ಒಬ್ಬಾತ ಕ್ರಿಸ್‌ಮಸ್‌ಗೆ ಹೆಂಡತಿಗೆ ಗುಟ್ಟಾಗಿ ಕೊಡೋಣ ಅಂತ ಓವರ್‌ಸ್ಟಾಕ್ ಸೈಟಿನಲ್ಲಿ ವಜ್ರದುಂಗುರ ಕೊಂಡ. ಸ್ವಲ್ಪ ಹೊತ್ತಿಗೆ ಅದು ಅವನ ಗೆಳೆಯರಿಗೆ, ಸಹೋದ್ಯೋಗಿಗಳಿಗೆ, ಹೆಂಡತಿಗೆ, ಎಲ್ಲರಿಗೂ ಗೊತ್ತಾಯಿತು. ಉಂಗುರದ ಲಿಂಕ್ ಕೂಡ ಇತ್ತು. ಎಷ್ಟು ಡಿಸ್ಕೌಂಟ್‌ನಲ್ಲಿ ಬಂತು ಅನ್ನುವುದೂ! ಹೆಂಡತಿ ಮೆಸೇಜು ಹಾಕಿ ಕೇಳಿದಳಂತೆ: ಉಂಗುರ ಯಾರಿಗೆ?

ಪಾಪದ ಮನುಷ್ಯ. ಅವನು ಮಾಡಿದ್ದು ಒಳ್ಳೆಯ ಕೆಲಸವೇ, ಅಲ್ವಾ?

ಆಮೇಲೆ ಗಲಾಟೆ ಜೋರಾಯಿತು. ಮೂವ್‌ಆನ್ ಅನ್ನುವ ಸಂಘಟನೆ ಫೇಸ್‌ಬುಕ್‌ನಲ್ಲೇ ಸಹಿ ಸಂಗ್ರಹ ಶುರುಮಾಡಿತು. ಕೆಲವೇ ದಿನಗಳಲ್ಲಿ 50,000ಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಡಿಸೆಂಬರ್ 5ಕ್ಕೆ ಜುಕರ್‌ಬರ್ಗ್ ಕ್ಷಮೆ ಕೇಳಿದ. ಬೀಕನ್ ಪೂರ್ತಿ ಆಫ್ ಮಾಡುವ ಗುಂಡಿ ಬಂತು. ಮೊಕದ್ದಮೆಯೂ ಬಿತ್ತು. 2009ರಲ್ಲಿ ಬೀಕನ್ ಮುಚ್ಚಿತು. ರಾಜಿಗೆ 95 ಲಕ್ಷ ಡಾಲರ್ ಕೊಡಬೇಕಾಯಿತು.

ಜನ ಗೆದ್ದರು ಅಂತ ಕುಣಿಯಬಹುದಿತ್ತು. ಆದರೆ 2010ರ ಏಪ್ರಿಲ್‌ನಲ್ಲಿ ಅದೇ ಫೇಸ್‌ಬುಕ್ ಬೇರೆ ಸೈಟುಗಳಿಗೆಲ್ಲ ಲೈಕ್ ಬಟನ್ ಹಂಚಿತು. ಅದನ್ನು ನೀವು ಒತ್ತಬೇಕಾಗಿಯೇ ಇರಲಿಲ್ಲ. ಆ ಬಟನ್ ಇರುವ ಪುಟ ತೆರೆದರೆ ಸಾಕಿತ್ತು, ಯಾರು ಎಲ್ಲಿಗೆ ಬಂದರು ಅನ್ನುವುದು ಫೇಸ್‌ಬುಕ್‌ಗೆ ಮುಟ್ಟುತ್ತಿತ್ತು. ಬೀಕನ್‌ನಲ್ಲಿ ನಲವತ್ತು ಚಿಲ್ಲರೆ ಸೈಟು, ಇದರಲ್ಲಿ ಲಕ್ಷಾಂತರ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ದತ್ತಾಂಶ ರಕ್ಷಣಾ ಕಚೇರಿ 2011ರಲ್ಲಿ ಆ ಬಟನ್ ತೆಗೆಯಿರಿ ಅಂತ ತನ್ನ ರಾಜ್ಯದ ಸೈಟುಗಳಿಗೆ ಹೇಳಿತು. ಉಳಿದಂತೆ ಬೀಕನ್‌ಗೆ ಬಿದ್ದಂಥ ಬೈಗುಳ ಇದಕ್ಕೆ ಬೀಳಲಿಲ್ಲ. ಯಾಕೆಂದರೆ ಯಾವ ಹೆಂಡತಿಗೂ ಉಂಗುರ ಕಾಣಿಸಲಿಲ್ಲ.

ಡಬಲ್‌ಕ್ಲಿಕ್ ಕತೆಯೂ ಇದೇ ಜಾತಿಯದು. ಜನ ಎಲ್ಲೆಲ್ಲಿ ಓಡಾಡಿದರು ಅನ್ನುವ ಲೆಕ್ಕವನ್ನು ಅವರ ಹೆಸರು, ವಿಳಾಸಕ್ಕೆ ಜೋಡಿಸಲು ಹೊರಟ ಜಾಹೀರಾತು ಕಂಪನಿ. ಕೂಗು ಎದ್ದಿತು, 2000ದ ಮಾರ್ಚ್‌ನಲ್ಲಿ ಹಿಂದೆ ಸರಿಯಿತು. ಆಮೇಲೆ ಗೂಗಲ್ ಅದನ್ನು ಕೊಂಡಿತು. ಒಪ್ಪಿಗೆ ಇಲ್ಲದೆ ಹೆಸರು ಜೋಡಿಸುವುದಿಲ್ಲ ಅನ್ನುವ ಸಾಲನ್ನು 2016ರಲ್ಲಿ ತನ್ನ ಪ್ರೈವಸಿ ಪಾಲಿಸಿಯಿಂದ ತೆಗೆದುಹಾಕಿತು. ಎಷ್ಟು ಜನಕ್ಕೆ ಗೊತ್ತಾಯಿತು?

"ಜನಕ್ಕೆ ಇದೆಲ್ಲ ತಲೆಬಿಸಿ ಇಲ್ಲ, ಫ್ರೀ ಸಿಕ್ಕರೆ ಸಾಕು" ಅನ್ನುವವರು ಸೈಟು ಮಾಡಿಕೊಡುವ ನಮ್ಮ ಕಸುಬಿನಲ್ಲಿ ಬಹಳ. ಅವರ ಮಾತು ನಾನು ಒಪ್ಪುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಆಪಲ್ ಐಫೋನ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ಬೇರೆ ಆ್ಯಪು, ಸೈಟುಗಳಲ್ಲಿ ನಿಮ್ಮ ಓಡಾಟವನ್ನು ಈ ಆ್ಯಪ್ ಹಿಂಬಾಲಿಸಬಹುದಾ ಅಂತ ನೇರವಾಗಿ ಕೇಳುವ ಹಾಗೆ ಮಾಡಿತು. ಎರಡೇ ಉತ್ತರ, ಒಂದರ ಕೆಳಗೊಂದು. ಬಹಳಷ್ಟು ಜನ ಬೇಡ ಒತ್ತಿದರು. ಇದರಿಂದ 2022ರ ಒಂದೇ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಬಹುದು ಅಂತ ಫೇಸ್‌ಬುಕ್‌ನ ಮಾತೃ ಕಂಪನಿಯೇ ಹೇಳಿತು. (ಆಪಲ್ ಏನೂ ಧರ್ಮಕ್ಕೆ ಮಾಡಿದ್ದಲ್ಲ. ಅವರಿಗೂ ಜಾಹೀರಾತಿನ ವ್ಯಾಪಾರ ಇದೆ.) ತಲೆಬಿಸಿ ಇಲ್ಲದ ಜನ ಅಷ್ಟೊಂದು ಬೇಡ ಯಾಕೆ ಒತ್ತುತ್ತಾರೆ? ಅದಕ್ಕೂ ಮೊದಲು ಅವರನ್ನು ಹೀಗೆ ಕೇಳಿದವರೇ ಕಡಿಮೆ.

ಹಾಗಂತ ಕೇಳಿದ ಶಾಸ್ತ್ರ ಮಾಡಿದರೂ ಆಗದು. ಯುರೋಪಿನಲ್ಲಿ 2018ರ ಜಿಡಿಪಿಆರ್ ಅನ್ನುವ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನ ನಂತರ ಪುಟ ತೆರೆದಲ್ಲೆಲ್ಲ ಕುಕಿ (ಬಂದವರ ಗುರುತಿಡಲು ಸೈಟು ಅವರ ಫೋನಿನಲ್ಲಿ ಇಡುವ ಸಣ್ಣ ಚೀಟಿ) ಒಪ್ಪಿಗೆಯ ಡಬ್ಬಿ. ಒಪ್ಪುವುದಕ್ಕೆ ಒಂದು ಒತ್ತು, ನಿರಾಕರಿಸಲು ನಾಲ್ಕಾರು. ಬ್ಯಾಂಕಿನ ಸಾಲದ ಕಾಗದದಲ್ಲಿ ಪೆನ್ಸಿಲ್ ಗುರುತು ಇರುವಲ್ಲೆಲ್ಲ ಸಹಿ ಹಾಕಿದ ಹಾಗೆ ಜನ ಒತ್ತುತ್ತಾ ಹೋದರು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಆಗಬೇಕು ಅಂತ ಫ್ರಾನ್ಸಿನ ನಿಯಂತ್ರಣ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಆಮೇಲೆ ಅಲ್ಲಿ ಬೇಡ ಬಟನ್ ಎದುರಿಗೆ ಬಂತು.

ನಾನು ಸೈಟು ಮಾಡಿಕೊಡುವವನು. ಈ ವಾರವೇ ಒಬ್ಬ ಸೀರೆ ಅಂಗಡಿ ಯಜಮಾನರ ಕೆಲಸ ಮುಗಿಸಿಕೊಡಬೇಕು. ಅವರ ಮೊದಲ ಪ್ರಶ್ನೆಯೇ "ಸರ್, ಸೀರೆ ನೋಡಿ ತಗೊಳ್ಳದೆ ಹೋದವರಿಗೆ ಅದೇ ಸೀರೆ ಮತ್ತೆ ಮತ್ತೆ ತೋರಿಸಬಹುದಾ?" ಅಂತ. ತೋರಿಸಬಹುದು. ಜಾಹೀರಾತು ಕಂಪನಿಯ ಒಂದು ತುಣುಕು ಕೋಡ್ ಪುಟಕ್ಕೆ ಸೇರಿಸಿದರೆ ಆಯಿತು, ಪಿಕ್ಸೆಲ್ ಅಂತಾರೆ. ಅದೇ ಯಜಮಾನರು ಹತ್ತು ನಿಮಿಷದ ನಂತರ, ಮಂಡಿನೋವಿನ ಎಣ್ಣೆ ಒಂದು ಸಲ ನೋಡಿದ್ದಕ್ಕೆ ಮೊಮ್ಮಗನ ಎದುರೂ ಅದೇ ಬರುತ್ತೆ ಅಂತ ಬೈದುಕೊಂಡರು. ಎರಡೂ ಒಂದೇ ಯಂತ್ರ ಅಂತ ಹೇಳಿದೆ. "ಅದು ಬೇರೆ ಸರ್, ಇದು ವ್ಯಾಪಾರ" ಅಂದರು.

ಅವರಿಗೆ ಜರ್ಮನಿಯ ಫ್ಯಾಷನ್ ಐಡಿ ಅನ್ನುವ ಬಟ್ಟೆ ಅಂಗಡಿಯ ಕತೆ ಹೇಳಬೇಕು. ಸೈಟಿನಲ್ಲಿ ಬರೀ ಲೈಕ್ ಬಟನ್ ಇಟ್ಟಿದ್ದರು. ಮಾಹಿತಿ ಸಂಗ್ರಹಿಸಿ ಫೇಸ್‌ಬುಕ್‌ಗೆ ಕಳಿಸಿದ ಮಟ್ಟಿಗೆ ಅಂಗಡಿಯೂ ಜವಾಬ್ದಾರ ಅಂತ ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ನಮ್ಮಲ್ಲೂ ಕಾಲ ಹತ್ತಿರ ಬರುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಜನರ ಖಾಸಗಿ ಮಾಹಿತಿ ಕಾಯುವ ಕಾನೂನು 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯ ಮುಖ್ಯ ಭಾಗ ಜಾರಿಯಾಗುವುದು 2027ರಲ್ಲಿ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳಲೂ ಆಗಬೇಕು.

ಯಜಮಾನರು ಈಗ ತಾನೇ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜು ಕಳಿಸಿದ್ದಾರೆ. ಕುಕಿ ಕೇಳುವ ಡಬ್ಬಿ ನೋಡಿದರಂತೆ. "ಚೆನ್ನಾಗಿದೆ ಸರ್, ಆದರೆ ಆ ‘ಬೇಡ’ ಅನ್ನೋದು ಸ್ವಲ್ಪ ಸಣ್ಣದಾಗಿ, ಕೆಳಗೆಲ್ಲಾದರೂ ಇರಲಿ." ಎರಡೂ ಬಟನ್ ಒಂದೇ ಅಳತೆಯಲ್ಲೇ ಇಡುತ್ತೇನೆ ಅಂತ ಬರೆದು ಕಳಿಸಿದೆ. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ಮಂಗಳವಾರ ಅಂಗಡಿಗೆ ಹೋಗಬೇಕು, ಅಲ್ಲಿ ಇನ್ನೊಂದು ಸುತ್ತು ಜಗ್ಗಾಟ ಇದ್ದೇ ಇದೆ.